ಹತ್ತು ಮಕ್ಕಳ ಲೆಕ್ಕ

ಒಂದು ತರಗತಿಯಲ್ಲಿ ಹತ್ತು ಮಕ್ಕಳು, ಇಲ್ಲವೇ ಇಡೀ ಶಾಲೆಯಲ್ಲಿ ನಲವತ್ತು. ಇಷ್ಟು ಸಿಕ್ಕರೆ ಅವರ ಮನೆಮಾತಿನಲ್ಲೇ ಪಾಠ ಹೇಳಲು ಒಬ್ಬ ಮೇಷ್ಟ್ರನ್ನಾದರೂ ಕೊಡಬೇಕು. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಒಟ್ಟಿಗೆ ಕೂತು ಒಪ್ಪಿದ ಲೆಕ್ಕ ಇದು. ಕಾಸರಗೋಡಿನ ಕನ್ನಡ ಶಾಲೆ, ಬೆಳಗಾವಿಯ ಮರಾಠಿ ಶಾಲೆ, ಬೆಂಗಳೂರಿನ ತಮಿಳು, ಉರ್ದು ಶಾಲೆ ಇವೆಲ್ಲ ಇವತ್ತಿಗೂ ಬಾಗಿಲು ತೆರೆದುಕೊಂಡಿರುವುದರಲ್ಲಿ ಈ ಹತ್ತು-ನಲವತ್ತರ ಪಾಲಿದೆ. ಆದರೂ ಇದರ ಹೆಸರು ಕೇಳಿದವರು ಕಡಿಮೆ. ಗೋಕಾಕ್ ವರದಿ ಎಂದರೆ ಆಟೋ ಓಡಿಸುವವರಿಗೂ ಗೊತ್ತು. ನಮ್ಮ ಬೆಂಗಳೂರಿನ ಗೋವಿಂದರಾಜನಗರದಲ್ಲಿ ಆ ವರದಿಗಾಗಿ ನಡೆದ ಚಳವಳಿಯ ನಾಯಕರ ಹೆಸರಿನ ವಾರ್ಡೇ ಇದೆ. ಹತ್ತು-ನಲವತ್ತಕ್ಕೆ ಮೆರವಣಿಗೆ ಇರಲಿಲ್ಲ, ಧ್ವಜ ಇರಲಿಲ್ಲ. ಕಡತದಲ್ಲಿ ಹುಟ್ಟಿತು, ಕಡತದಲ್ಲೇ ಬೆಳೆಯಿತು.

ಆ ಲೆಕ್ಕ ಯಾಕೆ ಬೇಕಾಯಿತು ಎನ್ನುವುದಕ್ಕೆ 1949ರ ಭೂಪಟ ನೋಡಬೇಕು. ಕನ್ನಡಿಗರು ಆಗ ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಭಾಷೆಯ ಮೇಲೆ ಪ್ರಾಂತ ಕಟ್ಟುವುದು ಬೇಡ ಎಂದು 1948ರ ಡಿಸೆಂಬರ್‌ನಲ್ಲಿ ಧರ್ ಆಯೋಗ ಹೇಳಿತ್ತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರ ಸಮಿತಿ 1949ರ ಏಪ್ರಿಲ್‌ನಲ್ಲಿ ಸದ್ಯಕ್ಕೆ ತಡೆಯಿರಿ ಎಂದಿತು. ಗಡಿ ಈಗ ಎಳೆದರೂ ಸರಿ, ಮುಂದೆ ಎಳೆದರೂ ಸರಿ, ಗೆರೆಯ ಆಚೆ ಒಂದಷ್ಟು ಮಕ್ಕಳು ಉಳಿದೇ ಉಳಿಯುತ್ತಾರೆ. ದೊಡ್ಡವರು ಗಡಿಗಾಗಿ ಹತ್ತು ವರ್ಷ ಕಾಯಬಹುದು, ಒಂದನೇ ಕ್ಲಾಸಿನ ಮಗು ಕಾಯುವುದಿಲ್ಲ. ಆ ಮಗುವಿಗಾಗಿ ಸಚಿವರು ಒಪ್ಪಿದ ನಿರ್ಣಯದಲ್ಲಿ ಮೂರು ಸಂಗತಿಗಳಿದ್ದವು. ಕಿರಿಯ ಬುನಾದಿ, ಅಂದರೆ ಪ್ರಾಥಮಿಕ ಹಂತದಲ್ಲಿ ಪಾಠವೂ ಪರೀಕ್ಷೆಯೂ ಮಗುವಿನ ತಾಯ್ನುಡಿಯಲ್ಲಿ ನಡೆಯಬೇಕು. ಅದು ಪ್ರಾಂತದ ಭಾಷೆಯಲ್ಲದಿದ್ದರೆ ಹತ್ತು ಅಥವಾ ನಲವತ್ತು ಮಕ್ಕಳಿಗೆ ಮೇಷ್ಟ್ರನ್ನು ಒದಗಿಸಬೇಕು. ಕೊನೆಯದು ಒಂದು ಸಾಲಿನ ಮಾತು: ಮಗುವಿನ ತಾಯ್ನುಡಿ ಯಾವುದೆಂದರೆ ತಂದೆತಾಯಿ ಅಥವಾ ಪೋಷಕರು ಯಾವುದೆನ್ನುತ್ತಾರೋ ಅದು.

ಈ ಕೊನೆಯ ಸಾಲು ಮುಂದೆ ಎಲ್ಲೆಲ್ಲಿಗೆ ಹೋಗಿ ಬಂತು ಎಂಬುದೇ ನನ್ನ ಮಟ್ಟಿಗೆ ಇಡೀ ಕತೆ.

ಮೊದಲು ಕಾಸರಗೋಡಿಗೆ ಹೋಗೋಣ, ಸಂವಿಧಾನದ ದಾರಿ ಹಿಡಿದು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠವನ್ನು ಭಾಷಾ ಅಲ್ಪಸಂಖ್ಯಾತರ ಹಕ್ಕೆಂದು ಸಂವಿಧಾನದಲ್ಲೇ ಬರೆಯಿರಿ, ಸಾಕಷ್ಟು ಮಕ್ಕಳಿರಬೇಕೆಂಬ ಷರತ್ತು ಇರಲಿ ಎಂಬುದು ಅದರ ಸಲಹೆ. ಮರುವರ್ಷ ಏಳನೇ ತಿದ್ದುಪಡಿಯಲ್ಲಿ 350-ಎ ವಿಧಿ ಬಂತು. ಮಕ್ಕಳ ಸಂಖ್ಯೆಯ ಷರತ್ತು ಅದರಲ್ಲಿಲ್ಲ. ಬದಲಿಗೆ ಇನ್ನೊಂದು ಸೇರಿತ್ತು. ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕಾದವರು ರಾಜ್ಯ ಮಾತ್ರವಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಆಡಳಿತವೂ ಹೌದು. ಪಂಚಾಯಿತಿ, ಪುರಸಭೆ, ಕಾರ್ಪೊರೇಷನ್ ಎಲ್ಲವೂ ಇದರೊಳಗೆ ಬಂದವು. ನಮ್ಮ ಸಂವಿಧಾನದಲ್ಲಿ ಮಗುವಿನ ಭಾಷೆಯ ಜವಾಬ್ದಾರಿಯನ್ನು ಊರಿನ ಆಡಳಿತದ ಹೆಗಲಿಗೂ ಏರಿಸಿದ ಜಾಗ ಇದು.

1956ರ ನವೆಂಬರ್ 1ರಂದು ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಿ ಎಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ್ ಆಯೋಗ 1967ರಲ್ಲಿ ಹೇಳಿದರೂ ಕೇರಳ ಒಪ್ಪಲಿಲ್ಲ. ಗಡಿ ಅಲ್ಲಾಡಲಿಲ್ಲ, ಶಾಲೆಗಳು ಉಳಿದವು. ಹೇಗೆ ಉಳಿದವು ಎಂದು ಕೇಳಿದರೆ ಆ ಕೊನೆಯ ಸಾಲಿನ ಬೆಲೆ ತಿಳಿಯುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಎಷ್ಟೋ ಮನೆಗಳಲ್ಲಿ ಆಡುವುದು ತುಳು. ಇನ್ನೂ ಕೆಲವು ಮನೆಗಳಲ್ಲಿ ಕೊಂಕಣಿ, ಮರಾಠಿ, ಬ್ಯಾರಿ. ಮನೆಯಲ್ಲಿ ಏನಾಡುತ್ತೀರಿ ಎಂದು ಅಧಿಕಾರಿಯೊಬ್ಬ ಬಾಗಿಲಲ್ಲಿ ನಿಂತು ಕಿವಿಗೊಟ್ಟು ಲೆಕ್ಕ ಬರೆದುಕೊಂಡಿದ್ದರೆ ಕನ್ನಡಕ್ಕೆ ಹತ್ತು ಮಕ್ಕಳು ಸಿಗುವುದು ಎಷ್ಟೋ ಕಡೆ ಕಷ್ಟವಾಗುತ್ತಿತ್ತು. ಆದರೆ ನಿಯಮ ಕಿವಿಗೊಡು ಎನ್ನಲಿಲ್ಲ, ಕೇಳಿ ಬರೆದುಕೋ ಎಂದಿತು. ತುಳು ಮನೆಯವರು ಕನ್ನಡ ಎಂದು ಬರೆಸಿದರು. ಅಲ್ಲಿಗೆ ಮುಗಿಯಿತು, ಯಾರೂ ತಕರಾರು ಮಾಡುವಂತಿಲ್ಲ.

ಆ ನೆಲದ ದೊಡ್ಡ ಕವಿ ಕಯ್ಯಾರ ಕಿಞ್ಞಣ್ಣ ರೈ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು, ಬದಿಯಡ್ಕ ಪಂಚಾಯಿತಿಯ ಅಧ್ಯಕ್ಷರೂ ಆಗಿದ್ದರು. ಗಡಿ ಹೋರಾಟದ ಕಯ್ಯಾರರು ನಮಗೆ ಗೊತ್ತು. ಪಂಚಾಯಿತಿ ಕುರ್ಚಿಯ ಕಯ್ಯಾರರ ಬಗ್ಗೆಯೂ ಯಾರಾದರೂ ವಿವರವಾಗಿ ಬರೆಯಬೇಕು. 350-ಎ ವಿಧಿ ಹೇಳಿದ ಸ್ಥಳೀಯ ಆಡಳಿತ ಎಂದರೆ ಅಂಥ ಕುರ್ಚಿಯೇ ತಾನೇ.

ಇನ್ನು ಹತ್ತು ಮಕ್ಕಳಿದ್ದಾರೆ ಎಂದು ತೋರಿಸುವವರು ಯಾರು? ಒಬ್ಬ ತಂದೆ ಬಂದು ಕೇಳಿದರೆ, ನಿಮ್ಮದೊಂದೇ ಮಗುವಿಗೆ ಮೇಷ್ಟ್ರನ್ನು ಎಲ್ಲಿಂದ ತರಲಿ ಎನ್ನುತ್ತಾರೆ ಹೆಡ್‌ಮಾಸ್ತರು. ಮರುದಿನ ಬಂದ ಇನ್ನೊಬ್ಬರಿಗೂ ಅದೇ ಉತ್ತರ. ಹತ್ತು ತಂದೆಯರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹತ್ತು ದಿನ ಬಂದು ಹೋದರೂ ರಿಜಿಸ್ಟರಿನಲ್ಲಿ ಸೊನ್ನೆಯೇ. ಈ ತೊಡಕನ್ನು ಬಿಡಿಸಿದ್ದು ದಕ್ಷಿಣದ ರಾಜ್ಯಗಳು. 1959ರಲ್ಲಿ ದಕ್ಷಿಣ ವಲಯ ಮಂಡಳಿ ಮುಂಗಡ ನೋಂದಣಿಯ ಪದ್ಧತಿಗೆ ಒಪ್ಪಿತು. ಶಾಲೆ ಶುರುವಾಗುವ ಮೂರು ತಿಂಗಳ ಮುಂಚೆಯೇ ಪ್ರತಿ ಶಾಲೆಯಲ್ಲೂ ಒಂದು ರಿಜಿಸ್ಟರ್ ತೆರೆದಿಡಬೇಕು. ತಮ್ಮ ಭಾಷೆಯಲ್ಲಿ ಪಾಠ ಬೇಕೆನ್ನುವವರು ಅದರಲ್ಲಿ ಹೆಸರು ಬರೆಸಬೇಕು. ಒಂದು ಶಾಲೆಯಲ್ಲಿ ಹತ್ತು ತುಂಬದಿದ್ದರೆ ಅಕ್ಕಪಕ್ಕದ ಶಾಲೆಗಳ ಹೆಸರು ಒಟ್ಟುಗೂಡಿಸಿ ಎಲ್ಲಾದರೂ ಒಂದು ಕಡೆ ತರಗತಿ ನಡೆಸಬೇಕು. ಹೈಸ್ಕೂಲಿಗೆ ಬೇರೆ ಅಳತೆ ಬಂತು: ಕೊನೆಯ ನಾಲ್ಕು ತರಗತಿಗಳಲ್ಲಿ 60, ಒಂದೊಂದರಲ್ಲಿ 15.

ನನಗೆ ಈ ಮುಂಗಡ ರಿಜಿಸ್ಟರೇ ನಿಜವಾದ ಆವಿಷ್ಕಾರ ಎನಿಸುತ್ತದೆ. ಹತ್ತು ಎಂಬ ಅಂಕಿಯನ್ನು ಯಾರು ಬೇಕಾದರೂ ಊಹಿಸಬಹುದು. ಚದುರಿಹೋದ ಬಯಕೆಯನ್ನು ಮೇಷ್ಟ್ರ ನೇಮಕಕ್ಕೆ ಮುಂಚೆಯೇ ಒಂದು ಪುಸ್ತಕದಲ್ಲಿ ಕೂಡಿಸುವ ಉಪಾಯ ಹೊಳೆಯುವುದು ಸುಲಭವಲ್ಲ. ಇದನ್ನೆಲ್ಲ ಗಮನಿಸಬೇಕಾದ ಭಾಷಾ ಅಲ್ಪಸಂಖ್ಯಾತರ ಮೊದಲ ಆಯುಕ್ತರಾಗಿ 1957ರಲ್ಲಿ ನೇಮಕವಾದವರು ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬಿ. ಮಲಿಕ್. ಅವರ ಕಚೇರಿಯೂ ಅಲಹಾಬಾದಿನಲ್ಲೇ ಇತ್ತು. ಯಾವ ರಾಜ್ಯ ಎಷ್ಟು ಒಪ್ಪಿತು, ಎಲ್ಲಿ ರಿಜಿಸ್ಟರ್ ಇಟ್ಟಿಲ್ಲ ಎಂದು ಆ ಕಚೇರಿ ವರ್ಷ ವರ್ಷವೂ ವರದಿ ಬರೆಯುತ್ತಾ ಬಂತು. ವರದಿ ಬರೆಯುವ ಅಧಿಕಾರ ಇತ್ತು, ಮೇಷ್ಟ್ರನ್ನು ಕಳಿಸುವ ಅಧಿಕಾರ ಇರಲಿಲ್ಲ.

ಅದರ ಫಲವೂ ಕಾಸರಗೋಡಿನಲ್ಲೇ ಕಾಣುತ್ತದೆ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡವೇ ಬಾರದವರು ನೇಮಕವಾಗಿ ಬಂದದ್ದುಂಟು. ಮಕ್ಕಳು, ಪೋಷಕರು ಗೇಟಿನ ಮುಂದೆ ಕೂತದ್ದೂ ಉಂಟು. 2018ರಲ್ಲಿ ರಿಷಬ್ ಶೆಟ್ಟಿ ಅದನ್ನೇ ಹಿಡಿದು ಕಾಸರಗೋಡಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಿನಿಮಾ ಮಾಡಿದರು, ಜನ ನಕ್ಕು ಕಣ್ಣೊರೆಸಿಕೊಂಡರು. ಕಾಗದದಲ್ಲಿ ಹತ್ತು ಮಕ್ಕಳಿದ್ದಾರೆ, ಹುದ್ದೆ ಭರ್ತಿಯಾಗಿದೆ, ಸಂಬಳ ಹೋಗುತ್ತಿದೆ. ಒಬ್ಬ ಮೇಷ್ಟ್ರು ಎಂದು ಬರೆದ 1949ರ ಸಚಿವರಿಗೆ ಆ ಮೇಷ್ಟ್ರಿಗೆ ಆ ಭಾಷೆ ಬರಬೇಕು ಎಂದು ಬೇರೆಯಾಗಿ ಬರೆಯಬೇಕಾದೀತು ಎಂದು ಅನ್ನಿಸಿರಲಾರದು.

ನಮ್ಮ ಸಚಿವರು ಹತ್ತು-ನಲವತ್ತು ಬರೆದ ಆಸುಪಾಸಿನ ಕಾಲದಲ್ಲೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇದೇ ಲೆಕ್ಕ ಬೇರೆ ದಾರಿ ಹಿಡಿಯಿತು. 1939ರಲ್ಲಿ ಯುದ್ಧ ಶುರುವಾಗಿ ಇಂಗ್ಲೆಂಡಿನ ನಗರಗಳ ಮಕ್ಕಳನ್ನು ವೇಲ್ಸ್‌ಗೆ ಕಳಿಸಿದಾಗ ಅಬರಿಸ್ಟ್‌ವಿತ್ ಊರಿನ ಶಾಲೆಗಳು ಇಂಗ್ಲಿಷಿನಿಂದ ತುಂಬಿಹೋಗುವ ಭಯ ಹುಟ್ಟಿತು. ಇವಾನ್ ಅಬ್ ಓವೆನ್ ಎಡ್ವರ್ಡ್ಸ್ ಎಂಬವರು ಏಳೇ ಮಕ್ಕಳೊಂದಿಗೆ ವೆಲ್ಷ್ ಮಾಧ್ಯಮದ ಖಾಸಗಿ ಶಾಲೆ ತೆರೆದರು. ನೋರಾ ಐಸಾಕ್ ಅದರ ಟೀಚರ್. ನಮ್ಮ ಲೆಕ್ಕದ ಪ್ರಕಾರ ಏಳು ಮಕ್ಕಳಿಗೆ ಮೇಷ್ಟ್ರು ಸಿಗುತ್ತಿರಲಿಲ್ಲ! 1944ರ ಶಿಕ್ಷಣ ಕಾಯ್ದೆಯ 76ನೇ ಕಲಮು ಮಕ್ಕಳ ಶಿಕ್ಷಣ ತಂದೆತಾಯಿಯ ಇಚ್ಛೆಯಂತೆ ನಡೆಯಬೇಕು ಎಂದಿತು, ಅನಗತ್ಯ ಖರ್ಚಾಗಬಾರದು ಎಂಬ ಷರತ್ತಿನೊಂದಿಗೆ. ವೆಲ್ಷ್ ತಂದೆತಾಯಿ ಅದನ್ನೇ ಹಿಡಿದುಕೊಂಡು ಕೌಂಟಿ ಕಚೇರಿಯ ಮೆಟ್ಟಿಲು ಹತ್ತಿದರು. 1947ರ ಮಾರ್ಚ್ 1ರಂದು ಲನೆಲ್ಲಿ ಪಟ್ಟಣದಲ್ಲಿ ಸ್ಥಳೀಯ ಆಡಳಿತದ ದುಡ್ಡಿನಲ್ಲಿ ನಡೆಯುವ ಮೊದಲ ವೆಲ್ಷ್ ಮಾಧ್ಯಮ ಶಾಲೆ ತೆರೆಯಿತು. ಫ್ಲಿಂಟ್‌ಶೈರ್‌ನಲ್ಲಿ ಹೇಡನ್ ವಿಲಿಯಮ್ಸ್ ಎಂಬ ಶಿಕ್ಷಣ ನಿರ್ದೇಶಕರಿದ್ದರು. ಅದು ಇಂಗ್ಲಿಷ್ ಗಟ್ಟಿಯಾಗಿ ಬೇರೂರಿದ್ದ ಕೌಂಟಿ. ಅಲ್ಲೇ 1956ರಲ್ಲಿ ಅವರು ಮೊದಲ ವೆಲ್ಷ್ ಮಾಧ್ಯಮ ಹೈಸ್ಕೂಲು ತೆರೆದರು. ನಮ್ಮಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದೂ ಅದೇ ವರ್ಷ.

ವೇಲ್ಸ್‌ನವರೂ ಬಹುಕಾಲ ನಮ್ಮ ಹಾಗೆಯೇ ಬೇಡಿಕೆ ಎಣಿಸುತ್ತಿದ್ದರು. ನಿಮ್ಮ ಮಗುವನ್ನು ವೆಲ್ಷ್ ಶಾಲೆಗೆ ಹಾಕುತ್ತೀರಾ ಎಂದು ಕೇಳುವುದು, ಬಂದ ಉತ್ತರ ಕೂಡಿಸುವುದು. ಆದರೆ ಹತ್ತಿರದಲ್ಲಿ ಶಾಲೆಯೇ ಇಲ್ಲದವನು ಏನು ಹೇಳಿಯಾನು? ಬೇಡ ಎನ್ನುತ್ತಾನೆ. ಬೇಡ ಎಂದದ್ದರಿಂದ ಶಾಲೆ ಬರುವುದಿಲ್ಲ. 2013ರ ಕಾಯ್ದೆಯಲ್ಲಿ ಅಲ್ಲಿನ 22 ಸ್ಥಳೀಯ ಆಡಳಿತಗಳೂ ವೆಲ್ಷ್ ಶಿಕ್ಷಣಕ್ಕೆಂದೇ ಯೋಜನೆ ಬರೆದು ಸರ್ಕಾರಕ್ಕೆ ಒಪ್ಪಿಸುವುದು ಕಡ್ಡಾಯವಾಯಿತು. ಆ ಯೋಜನೆಗಳನ್ನು 2017ರಲ್ಲಿ ಪರಿಶೀಲಿಸಿದ ಅಲೆಡ್ ರಾಬರ್ಟ್ಸ್ ಅವರಿಗೆ ಅವು ತೃಪ್ತಿ ತರಲಿಲ್ಲ. 2019ರ ನಿಯಮಗಳು ಲೆಕ್ಕವನ್ನೇ ತಲೆಕೆಳಗು ಮಾಡಿದವು. ಎಷ್ಟು ಜನ ಕೇಳಿದರು ಎನ್ನುವುದು ಹಿಂದಕ್ಕೆ ಸರಿಯಿತು. ಹತ್ತು ವರ್ಷದಲ್ಲಿ ಒಂದನೇ ತರಗತಿಯ ಎಷ್ಟು ಮಕ್ಕಳು ವೆಲ್ಷ್‌ನಲ್ಲಿ ಕಲಿಯುತ್ತಿರಬೇಕು, ಅದಕ್ಕೆ ಕಟ್ಟಡ ಎಷ್ಟು, ಟೀಚರ್ ಎಷ್ಟು ಎಂದು ಮೊದಲು ಬರೆಯಿರಿ ಎಂದಿತು ಸರ್ಕಾರ. ಆ ಹತ್ತು ವರ್ಷದ ಯೋಜನೆಗಳು 2022ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿವೆ.

2013ರ ಆ ಕಾಯ್ದೆ ಬಂದ ಹೊತ್ತಿನಲ್ಲಿ ನಾವು ಕೋರ್ಟಿನಲ್ಲಿದ್ದೆವು. ಒಂದರಿಂದ ನಾಲ್ಕನೇ ತರಗತಿವರೆಗೆ ತಾಯ್ನುಡಿ ಅಥವಾ ಕನ್ನಡದಲ್ಲೇ ಪಾಠ ಎಂದು 1994ರ ಏಪ್ರಿಲ್ 29ರಂದು ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ಕನ್ನಡ ಮಾಧ್ಯಮ ಎಂದು ಅನುಮತಿ ಪಡೆದು ಒಳಗೆ ಇಂಗ್ಲಿಷ್ ಹೇಳಿಕೊಟ್ಟವು. ಬಸವರಾಜ ಹೊರಟ್ಟಿಯವರು ಶಿಕ್ಷಣ ಸಚಿವರಾಗಿದ್ದಾಗ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಗೆ ಕತ್ತರಿ ಬಿತ್ತು. 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಎರಡೂ ಕಡೆ ಸರ್ಕಾರ ಸೋತಿತು. ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಬರೆದ ತೀರ್ಪು 350-ಎ ವಿಧಿಯನ್ನೂ ಬಿಡಿಸಿ ನೋಡಿತು. ಅಲ್ಲಿ ತಾಯ್ನುಡಿ ಎಂದರೆ ಭಾಷಾ ಅಲ್ಪಸಂಖ್ಯಾತರ ನುಡಿ, ಮಗುವಿನ ತಾಯ್ನುಡಿ ಯಾವುದೆಂದು ಹೇಳುವವರು ತಂದೆತಾಯಿಯೇ ಎಂದಿತು. 1949ರ ಕಡತದ ಕೊನೆಯ ಸಾಲು 65 ವರ್ಷದ ಮೇಲೆ ದೆಹಲಿಯ ಇನ್ನೊಂದು ಕಟ್ಟಡದಲ್ಲಿ ಎದ್ದು ನಿಂತಂತೆ.

ತಂದೆತಾಯಿಯ ಮಾತೇ ಕೊನೆಯದು ಎಂಬ ನಿಯಮ ಕಾಸರಗೋಡಿನಲ್ಲಿ ಕನ್ನಡವನ್ನು ಉಳಿಸಿತು, ಲನೆಲ್ಲಿಯಲ್ಲಿ ವೆಲ್ಷ್‌ಗೆ ಬಾಗಿಲು ತೆರೆಯಿತು, ಬೆಂಗಳೂರಿನಲ್ಲಿ ಇಂಗ್ಲಿಷಿಗೆ ರಹದಾರಿ ಕೊಟ್ಟಿತು. ತೀರ್ಪು ಬಂದಾಗ ನಮ್ಮಲ್ಲಿ ಅನೇಕರು ಕೋರ್ಟನ್ನು ಬೈದರು. ನನಗೆ ಸಿಟ್ಟಿರುವುದು ಬೇರೆ ಕಡೆ. ಖಾಸಗಿಯವರು ಏನು ಮಾಡಬಾರದು ಎಂದು ವಾದಿಸುತ್ತ ಸರ್ಕಾರ 20 ವರ್ಷ ಕಳೆಯಿತು. ತನ್ನದೇ ಕನ್ನಡ ಶಾಲೆ ಯಾವ ವಾರ್ಡಿನಲ್ಲಿ ಎಷ್ಟು ಬೇಕು, ಅದಕ್ಕೆ ಯಾವ ಬಾಬ್ತಿನಿಂದ ದುಡ್ಡು ಎಂದು ಕೂತು ಬರೆಯಲಿಲ್ಲ. 1995ರ ನಂತರ ಶುರುವಾದ ಖಾಸಗಿ ಕನ್ನಡ ಶಾಲೆಗಳು ಅನುದಾನ ಕೊಡಿ ಎಂದು ವರ್ಷಗಳಿಂದ ಅಂಗಲಾಚುತ್ತಿವೆ. ಕನ್ನಡದಲ್ಲೇ ಕಲಿಸಿ ಎಂದು ಆದೇಶ ಹೊರಡಿಸಿದ ಕೈ, ಹಾಗೆ ಕಲಿಸಿದವರಿಗೆ ಸಂಬಳದ ಚೀಟಿ ಬರೆಯಲು ಹಿಂದೆ ಸರಿಯಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಸರ್ಕಾರವೇ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ಸಾಹಿತಿಗಳು ಬೇಡವೆಂದರು, ಪೋಷಕರು ಸಾಲು ನಿಂತರು.

ಜೂನ್ ತಿಂಗಳಲ್ಲಿ ಮಾಗಡಿ ರಸ್ತೆಯ ಆಸುಪಾಸಿನ ಸರ್ಕಾರಿ ಶಾಲೆಯೊಂದರ ಆಫೀಸ್ ರೂಮಿನಲ್ಲಿ ಅರ್ಧ ಗಂಟೆ ಕೂತರೆ ಇದೆಲ್ಲ ಒಂದೇ ಮೇಜಿನ ಮೇಲೆ ಕಾಣುತ್ತದೆ. ದಪ್ಪ ರಟ್ಟಿನ ದಾಖಲಾತಿ ರಿಜಿಸ್ಟರ್. ಅಡ್ಡಕ್ಕೆ ಹೆಸರು, ತಂದೆ, ತಾಯಿ, ಹುಟ್ಟಿದ ದಿನ, ಜಾತಿ, ಮಾತೃಭಾಷೆ. ಸುಂಕದಕಟ್ಟೆ ಕಡೆಯ ಗಾರ್ಮೆಂಟ್ಸಿಗೆ ಹೋಗುವ ಧರ್ಮಪುರಿಯ ತಾಯಿ ನಿಂತಿದ್ದಾಳೆ.

“ಮನೇಲಿ ಏನ್ ಮಾತಾಡ್ತೀರಮ್ಮ?”

“ತಮಿಳು ಮಿಸ್. ಕನ್ನಡಾನೂ ಬರುತ್ತೆ. ಕನ್ನಡ ಅಂತಾನೇ ಬರ್ಕೊಳಿ.”

ಮಿಸ್ಸು ಬರೆದುಕೊಳ್ಳುತ್ತಾರೆ. ಹಿಂದೆ ಸುರಪುರ ಕಡೆಯ ಗಾರೆ ಕೆಲಸದವನು.

“ನಮ್ದು ಕನ್ನಡಾನೇರಿ ಮೇಡಂ. ಆದ್ರ ಹುಡುಗ್ಗ ಇಂಗ್ಲಿಷ್ ಅದ ಏನ್ರಿ ಇಲ್ಲಿ?”

ಅವನ ಮಗನ ಮುಂದೆಯೂ ಕನ್ನಡ ಎಂದೇ ಬೀಳುತ್ತದೆ. ಸಂಜೆ ಹೊತ್ತಿಗೆ ಇವೆಲ್ಲ ಕಂಪ್ಯೂಟರಿಗೆ ಏರಿ ಶಾಲಾ ಮಕ್ಕಳ ವಿವರದ ಕಡತಗಳಾದ ರಾಜ್ಯದ ಸ್ಯಾಟ್ಸ್‌ಗೂ ಕೇಂದ್ರದ ಯುಡೈಸ್‌ಗೂ ಹೋಗುತ್ತವೆ. ಅಂದರೆ 1959ರಲ್ಲಿ ಕೈಬರಹದಲ್ಲಿ ಇಡಿ ಎಂದಿದ್ದ ರಿಜಿಸ್ಟರಿಗಿಂತ ಎಷ್ಟೋ ದೊಡ್ಡದು ಈಗ ತಾನಾಗಿಯೇ ತುಂಬುತ್ತಿದೆ. ತುಂಬಿದ ಮೇಲೆ ಮೂಡಲಪಾಳ್ಯದಲ್ಲಿ ಕನ್ನಡ ಎಂದು ಬರೆಸಿದ ಮಕ್ಕಳೆಷ್ಟು, ಅವರಲ್ಲಿ ಕನ್ನಡ ಮಾಧ್ಯಮದಲ್ಲಿ ಕೂತವರೆಷ್ಟು, ಮಾರೇನಹಳ್ಳಿಯಲ್ಲಿ ಎಷ್ಟು ಎಂದು ತೆಗೆದು ನೋಡಿ ಯೋಜನೆ ಬರೆಯುವ ಹೊಣೆ ಯಾವ ಕಚೇರಿಯದೂ ಅಲ್ಲ. ತಮಿಳಿಗೆ, ಉರ್ದುವಿಗೆ ಹತ್ತರ ಲೆಕ್ಕವಾದರೂ ಇದೆ. ಕನ್ನಡ ಇಲ್ಲಿ ಅಲ್ಪಸಂಖ್ಯಾತರ ಭಾಷೆಯಲ್ಲ, 350-ಎ ಅದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ತನ್ನದೇ ರಾಜಧಾನಿಯಲ್ಲಿ ಕನ್ನಡಕ್ಕೆ ಅಂಕಿಯೇ ಇಲ್ಲ.

ಕಾನೂನಿನ ಬಿಡಿಭಾಗಗಳು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು, ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದನ್ನೂ ವಲಸೆ ಕುಟುಂಬದ ಮಕ್ಕಳನ್ನು ಸೇರಿಸಿಕೊಳ್ಳುವುದನ್ನೂ ಸ್ಥಳೀಯ ಆಡಳಿತದ ಕರ್ತವ್ಯ ಮಾಡಿದೆ. 22ನೇ ಕಲಮಿನ ಪ್ರಕಾರ ಶಾಲಾ ಸಮಿತಿ ಅಭಿವೃದ್ಧಿ ಯೋಜನೆ ಬರೆಯಬೇಕು. 29ನೇ ಕಲಮು ಸಾಧ್ಯವಾದಷ್ಟೂ ತಾಯ್ನುಡಿಯಲ್ಲಿ ಪಾಠ ಎನ್ನುತ್ತದೆ. ವೇಲ್ಸ್‌ನವರು 2013ರಲ್ಲಿ ಇಂಥವನ್ನೇ ಸೇರಿಸಿ ಒಂದು ಕಲಮು ಮಾಡಿದರು. ನಮ್ಮಲ್ಲಿ ಒಂದೊಂದೂ ಒಂದೊಂದು ಡ್ರಾಯರಿನಲ್ಲಿದೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಪಂಚಾಯಿತಿಗಳಿಗೆ ಸಂವಿಧಾನದ 11ನೇ ಅನುಸೂಚಿ ಪ್ರಾಥಮಿಕ, ಪ್ರೌಢ ಶಾಲೆಗಳನ್ನು ಹೆಸರು ಹಿಡಿದೇ ಕೊಟ್ಟಿದೆ. ನಗರಗಳ 12ನೇ ಅನುಸೂಚಿಯ 18 ಬಾಬ್ತುಗಳಲ್ಲಿ ಶಾಲೆ ಎಂಬುದು ಹಾಗೆ ಇಲ್ಲ, ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯ ಸಂಬಂಧಿ ಸಂಗತಿಗಳ ಉತ್ತೇಜನ ಎಂಬ ಒಂದು ತೆಳ್ಳನೆಯ ಸಾಲಿದೆ. ಹಾಗಾಗಿ ಬೆಂಗಳೂರಿನಲ್ಲಿ ಕಾರ್ಪೊರೇಷನ್ ಶಾಲೆಗಳು ಕಡಿಮೆ, ಉಳಿದ ಸರ್ಕಾರಿ ಶಾಲೆಗಳೆಲ್ಲ ಶಿಕ್ಷಣ ಇಲಾಖೆಯವು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರಪಾಲಿಕೆಗಳಾದವು, ಗೋವಿಂದರಾಜನಗರ ಪಶ್ಚಿಮ ಪಾಲಿಕೆಗೆ ಬಂತು. ಹೊಸ ಪಾಲಿಕೆಗೂ ಮೋರಿ, ರಸ್ತೆ, ಕಸದ ಬಾಬ್ತುಗಳೇ ಮೊದಲು.

ಒಂದು ಲೆಕ್ಕ ಹಾಕಿ ನೋಡೋಣ. ಅಕ್ಕಪಕ್ಕದ ಮೂರು ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಕನ್ನಡ ಮಾಧ್ಯಮ ಬೇಕೆಂದವರು ಆರು, ಏಳು, ಐದು ಎಂದುಕೊಳ್ಳಿ. ಮೂರೂ ಕಡೆ ಮಕ್ಕಳು ಸಾಲದು ಎಂದಾಗುತ್ತದೆ. ಮೂರೂ ಕಡೆಯ ಮಿಸ್ಸು ಎರಡು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಳ್ಳುತ್ತಾರೆ. ಅದನ್ನು ನೋಡಿದ ಪೋಷಕರು ಮರುವರ್ಷ ಬೇರೆ ಕಡೆ ಹೋಗುತ್ತಾರೆ. 1959ರ ಪದ್ಧತಿಯಂತೆ ಕೂಡಿಸಿದರೆ 18 ಮಕ್ಕಳ ಒಂದು ಒಳ್ಳೆಯ ತರಗತಿ, ಅದಕ್ಕೇ ಮೀಸಲಾದ ಒಬ್ಬ ಟೀಚರ್. ಆದರೆ ಕೂಡಿಸಿದ ಮೇಲೆ ಆರು ವರ್ಷದ ಮಗು ಮಾಗಡಿ ರಸ್ತೆ ದಾಟಬೇಕು. ಬೆಳಿಗ್ಗೆ ಒಂಬತ್ತಕ್ಕೆ ಆ ರಸ್ತೆಯನ್ನು ದೊಡ್ಡವರೇ ದಾಟಲಾರರು. ವೇಲ್ಸ್‌ನಲ್ಲಿ 2008ರಿಂದಲೂ ಇದಕ್ಕೆ ಬೇರೆಯೇ ಕಾನೂನಿದೆ. ಮಕ್ಕಳನ್ನು ಶಾಲೆಗೆ ತಲುಪಿಸುವ ಏರ್ಪಾಟಿನಲ್ಲಿ ವೆಲ್ಷ್ ಮಾಧ್ಯಮ ಶಾಲೆಗೆ ಹೋಗಲು ಅನುಕೂಲವಾಗುವುದನ್ನೂ ಸ್ಥಳೀಯ ಆಡಳಿತ ನೋಡಿಕೊಳ್ಳಬೇಕು. ಪ್ರಾಥಮಿಕ ಶಾಲೆ ಎರಡು ಮೈಲಿ ಅಥವಾ ಅದಕ್ಕಿಂತ ದೂರವಿದ್ದರೆ ಬಸ್ಸು ಪುಕ್ಕಟೆ. ನಮ್ಮ ಪಶ್ಚಿಮ ಪಾಲಿಕೆ ಕನ್ನಡ ಶಾಲೆಗೆಂದು ಯಾವತ್ತಾದರೂ ಒಂದು ಯೋಜನೆ ಬರೆಯಲು ಕೂತರೆ ಬಜೆಟ್ಟಿನಲ್ಲಿ ಮೊದಲು ತೆರೆಯಬೇಕಾದ ಬಾಬ್ತು ಕಟ್ಟಡದ್ದಲ್ಲ, ಪಠ್ಯಪುಸ್ತಕದ್ದೂ ಅಲ್ಲ. ಒಂದು ವ್ಯಾನು, ಅದಕ್ಕೊಬ್ಬ ಡ್ರೈವರು, ಮಕ್ಕಳ ಕೈ ಹಿಡಿದು ಇಳಿಸಲು ಒಬ್ಬ ಆಯಾ.